ಮೂಗು ಕಟ್ಟಿದೆ, ಗಾಬರಿ ಬೇಡ

ಪ್ರಶ್ನೆ: ಸೈನಸ್ ಆಪರೇಷನ್ ಆಗಿ 5 ದಿನ. ಮೂಗು ಪೂರ್ತಿ ಕಟ್ಟಿದೆ, ಒಳಗೆಲ್ಲ ಹಕ್ಕಳೆ. ಆಪರೇಷನ್ ಸರಿಯಾಗಿಲ್ವಾ ಡಾಕ್ಟ್ರೇ?
– ಓದುಗರು, ಹಾಸನ

ಉತ್ತರ: ಹಾಗೇನಿಲ್ಲಮ್ಮ. ಒಳಗಿನ ಊತ, ಒಣಗಿದ ರಕ್ತದಿಂದ ಹೀಗಾಗುತ್ತದೆ. ನನಗೂ ಇದೇ ಆಪರೇಷನ್ ಆಗಿತ್ತು. ಮೊದಲ ವಾರ ಎರಡು ದಿಂಬಿಟ್ಟು, ಬಾಯಲ್ಲೇ ಉಸಿರಾಡುತ್ತಾ ಮಲಗುತ್ತಿದ್ದೆ. ಒಂದು ಬೆಳಿಗ್ಗೆ ಉಪ್ಪುನೀರಿನಲ್ಲಿ ತೊಳೆಯುವಾಗ ಹುಣಸೆಬೀಜದಷ್ಟು ಕಪ್ಪು ಹಕ್ಕಳೆ ಜಾರಿ ಬಿತ್ತು. ಎಷ್ಟು ಹಾಯೆನಿಸಿತು ಗೊತ್ತಾ!

ನೀವೂ ನಿಮ್ಮ ಡಾಕ್ಟರು ಹೇಳಿದಷ್ಟು ಸಲ ತೊಳೆಯಿರಿ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿ ನೀರು ಬೇಡವೇ ಬೇಡ. ಹಕ್ಕಳೆ ಕೀಳಬೇಡಿ. ಒತ್ತಿ ಸಿಂಬಳ ತೆಗೆಯಬೇಡಿ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಿ. ಬಿಂದಿಗೆ ಎತ್ತುವ ಕೆಲಸ ಮನೆಯವರಿಗೆ ಬಿಡಿ.

ರಕ್ತ ನಿಲ್ಲದಿದ್ದರೆ, ಕಣ್ಣು ಮಂಜಾದರೆ, ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.