ಗೋಧಿ ಬಿಟ್ಟ ಮನೆಗೆ ಅಮೆರಿಕದ ದಿನಸಿ

ಹಾಸನದಿಂದ ಓಹಾಯೋದ ಕೊಲಂಬಸ್‌ಗೆ ಹೊಸದಾಗಿ ಬಂದಿದ್ದೀರಿ, ಮಗನಿಗೆ ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಕರುಳಿಗೆ ಹಾನಿ ಮಾಡುವ ಕಾಯಿಲೆ ಎಂದು ವೈದ್ಯರು ಹೇಳಿದ್ದಾರೆ, ಹತ್ತಿರದ ಸಾಮಾನ್ಯ ಅಂಗಡಿಯಲ್ಲಿ ಅವನು ಇಷ್ಟಪಟ್ಟು ತಿನ್ನುವಂಥದ್ದು ಸಿಗುತ್ತದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸಿಗುತ್ತದೆ. ನನಗೆ ಇದೇ ಕಾಯಿಲೆಯೆಂದು ತಿಳಿದದ್ದು ನಾನಿಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, 2008ರಲ್ಲಿ. ಆಗ ನಮ್ಮೂರಿನ ಅಂಗಡಿಯಲ್ಲಿದ್ದದ್ದು ಫ್ರೀಜರಿನ ಮೂಲೆಯಲ್ಲಿ ಇಟ್ಟಿಗೆಯಂತೆ ಕೂತಿದ್ದ ಒಂದು ಬಗೆಯ ಬ್ರೆಡ್ಡು ಮಾತ್ರ.

ಪೊಟ್ಟಣದ ಮೇಲೆ 'ಗ್ಲುಟನ್ ಫ್ರೀ' ಎಂದು ಬರೆಯುವವರು ಗ್ಲುಟನ್ ಪ್ರಮಾಣವನ್ನು ಹತ್ತು ಲಕ್ಷಕ್ಕೆ 20 ಭಾಗಕ್ಕಿಂತ ಕಡಿಮೆ ಇಡಲೇಬೇಕೆಂದು ಇಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ನಿಯಮ ಮಾಡಿತು. ಆ ಎರಡು ಪದಗಳನ್ನು ನೀವು ನಂಬಬಹುದು. 'ವೀಟ್ ಫ್ರೀ' ಎಂಬುದನ್ನು ಮಾತ್ರ ನಂಬಬೇಡಿ. ಗೋಧಿ ಇದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕೆಂಬ ಕಾನೂನಿದೆ, ಬಾರ್ಲಿಗೆ ಅಂಥ ಕಾನೂನಿಲ್ಲ. ಅದು ಮಾಲ್ಟ್ ಎಂಬ ಹೆಸರಿನಲ್ಲಿ ನುಸುಳುತ್ತದೆ. ಅಕ್ಕಿಯದೇ ಆದರೂ ರೈಸ್ ಕ್ರಿಸ್ಪೀಸ್ ಎಂಬ ಹಾಲಿಗೆ ಹಾಕಿ ತಿನ್ನುವ ತಿಂಡಿ ನಿಮ್ಮ ಮಗನಿಗೆ ಆಗದಿರುವುದು ಇದರಿಂದಲೇ. ಅದೇ ಬಗೆಯ ರೈಸ್ ಚೆಕ್ಸ್ ಆಗುತ್ತದೆ.

ಅಕ್ಕಿರೊಟ್ಟಿಯನ್ನು ಹಾಸನದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ತಿಂಡಿಗೆ ಕ್ರೀಮ್ ಆಫ್ ರೈಸ್ ತನ್ನಿ; ಅದು ನಮ್ಮ ಅಕ್ಕಿತರಿಯೇ, ಸ್ವಲ್ಪ ನುಣುಪು ಅಷ್ಟೆ. ಎಣ್ಣೆ ಹಾಕಿ ಚೆನ್ನಾಗಿ ಹುರಿದು, ನೀರನ್ನು ಒಂದು ಕೈ ಕಡಿಮೆ ಮಾಡಿದರೆ ಉಪ್ಪಿಟ್ಟು ಉದುರಾಗಿ ಬರುತ್ತದೆ. ಅದರ ಪಕ್ಕದಲ್ಲೇ ಇರುವ ಕ್ರೀಮ್ ಆಫ್ ವೀಟ್ ಗೋಧಿಯದು, ಅವಸರದಲ್ಲಿ ಕೈ ತಪ್ಪೀತು. ಅಕ್ಕಿ ನೂಡಲ್ಸಿಗೆ ನಿಂಬೆಹುಳಿ ಹಿಂಡಿ ಒಗ್ಗರಣೆ ಕೊಟ್ಟರೆ ಶಾವಿಗೆಯ ಆಸೆ ತೀರುತ್ತದೆ. ಸಾರ್ಗಮ್ ಎಂದು ಮಾರುವುದು ಜೋಳವನ್ನೇ, ಕಾನ್ಸಾಸ್ ಸೀಮೆಯಲ್ಲಿ ಹೇರಳವಾಗಿ ಬೆಳೆಯುತ್ತಾರೆ. ಬಾಬ್ಸ್ ರೆಡ್ ಮಿಲ್‌ನವರ ಚೀಲದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿದರೆ ರೊಟ್ಟಿ ತಟ್ಟಬಹುದು. ಕುರುಕಲಿಗೆ ಆಲ್ಡಿ ಎಂಬ ದಿನಸಿ ಅಂಗಡಿಯಲ್ಲಿ ಅವರದೇ ಗ್ಲುಟನ್ ಫ್ರೀ ಸಾಲು ಅಗ್ಗದಲ್ಲಿದೆ. ಬ್ರೆಡ್ಡು ಈಗಲೂ ದುಬಾರಿ, ಕಾಯಿಸದೆ ತಿನ್ನಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಶಾಲೆಯಲ್ಲಿ ಮಗನಿಗೆ ಗ್ಲುಟನ್ ಇಲ್ಲದ ಊಟ ಸಿಗಲು ವೈದ್ಯರ ಪತ್ರ ಕೊಡಿ.

ಇಷ್ಟು ಎಚ್ಚರ ವಹಿಸಿದವರಿಗೂ ಪೆಟ್ಟು ಬೀಳುವುದು ಊರಿನಿಂದ ಬಂದ ಡಬ್ಬಿಗಳಿಂದ. ಗೋಧಿ ಬಿಟ್ಟು ವರ್ಷವಾದರೂ ರಕ್ತಪರೀಕ್ಷೆಯಲ್ಲಿ ನನ್ನ ಪ್ರತಿಕಾಯಗಳು (ಗ್ಲುಟನ್ ಒಳಹೋದಾಗ ಈ ಕಾಯಿಲೆಯವರ ರಕ್ತದಲ್ಲಿ ಏರುವಂಥವು) ಇಳಿಯದಿದ್ದಾಗ ಆಹಾರತಜ್ಞೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತರಲು ಹೇಳಿದರು. ಇಂಗಿನ ಡಬ್ಬಿಯ ಮಗ್ಗುಲಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ಗೋಂದು, ಗೋಧಿ ಹಿಟ್ಟು ಎಂದಿತ್ತು. ಅಪ್ಪಟ ಇಂಗು ತೀರಾ ಘಾಟಾದ್ದರಿಂದ ಹಿಟ್ಟು ಬೆರೆಸಿಯೇ ಮಾರುವುದು ವಾಡಿಕೆ. ಅಮ್ಮ ಮೈಸೂರಿನಿಂದ ಕಳಿಸುತ್ತಿದ್ದ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಮಾವಿನಮಿಡಿ ಉಪ್ಪಿನಕಾಯಿ, ಎಲ್ಲದರಲ್ಲೂ ಅದೇ ಇಂಗು. ಫೋನಿನಲ್ಲಿ ವಿಷಯ ತಿಳಿಸಿದಾಗ "ನನ್ನ ಕೈಯಿಂದಲೇ ನಿನಗೆ ಹೀಗಾಯಿತೇ" ಎಂದು ಅವರು ಕೇಳಿದ ಪ್ರಶ್ನೆಗೆ ಏನು ಹೇಳಿದರೂ ಸಮಾಧಾನವಾಗಲಿಲ್ಲ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆಂದು ಆಮೇಲೆ ತಿಳಿಸಿದೆ. ಆದರೆ ಬದುಕಿರುವವರೆಗೂ ಅವರು ನನಗಾಗಿ ಮತ್ತೆ ಪುಡಿ ಕುಟ್ಟಲಿಲ್ಲ; ಸಾರು ಕುದಿಸುವಾಗೆಲ್ಲ ಆ ಕೊರಗು ನನ್ನನ್ನು ಕಾಡುತ್ತದೆ.

ಆದ್ದರಿಂದ ನಿಮ್ಮ ತಾಯಿಯವರಿಗೂ ಅತ್ತೆಯವರಿಗೂ ಮುಂದಿನ ಪಾರ್ಸೆಲ್ ಕಟ್ಟುವ ಮೊದಲೇ ತಿಳಿಸಿ, ಅವರ ಕೈಯಡುಗೆಯನ್ನು ಬೇಡವೆನ್ನದೆ ಯಾವ ಇಂಗು ಹಾಕಬೇಕೆಂದು ಮಾತ್ರ ಹೇಳಿ. ಮಿಲ್ಲಿನಲ್ಲಿ ಬೀಸಿಸಿದ ರಾಗಿಹಿಟ್ಟನ್ನೂ ತರಿಸಬೇಡಿ, ಏಕೆಂದರೆ ಅದಕ್ಕೆ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಮನೆಯ ಗೋಧಿ ಬೀಸಿರಬಹುದು. ಇಲ್ಲಿನ ಭಾರತೀಯ ಅಂಗಡಿಯಿಂದ ಇಡಿ ರಾಗಿ ತಂದು, ಆರಿಸಿ ತೊಳೆದು ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿದರೆ ಮುದ್ದೆಗೆ ಸಾಕಾಗುತ್ತದೆ.