ಕಾದಾಡುವ ಕುಲಗಳನ್ನು ಊರಿನವರೇ ರಾಜಿ ಮಾಡಿಸಬಲ್ಲರೇ? ಕೀನ್ಯಾದ ವಜೀರ್ ಪ್ರದೇಶ ಹಿಡಿದ ದಾರಿ

ಆಫ್ರಿಕಾದಲ್ಲಿ ಬುಡಕಟ್ಟುಗಳ ಕಾದಾಟವನ್ನು ಸರ್ಕಾರದ ಹಂಗಿಲ್ಲದೆ ಊರಿನವರೇ ನಿಲ್ಲಿಸಿದ್ದುಂಟೇ, ಹೇಗೆ ಎಂದು ಕೇಳಿದ್ದೀರಿ. ಉಂಟು. ಕೀನ್ಯಾದ ಈಶಾನ್ಯದ ವಜೀರ್ ಪ್ರದೇಶ ನೋಡಿ.

ಅಲ್ಲಿ ಹೆಚ್ಚಾಗಿ ಇರುವವರು ಒಂಟೆ, ದನ ಸಾಕುವ ಸೋಮಾಲಿ ಕುಲಗಳು: ದೆಗೋಡಿಯಾ, ಅಜುರಾನ್, ಒಗಾಡೇನ್. 1991ರಲ್ಲಿ ಪಕ್ಕದ ಸೋಮಾಲಿಯಾದ ಸರ್ಕಾರ ಕುಸಿದು ಬಂದೂಕುಗಳು ಹರಿದು ಬಂದವು. ಮರುವರ್ಷ ಬರ. ನೀರು, ಮೇವಿನ ತಕರಾರಿಗೆ ಹೆಣಗಳು ಬಿದ್ದವು. ಸರ್ಕಾರ ಕರೆದರೆ ಜನ ಬರುವಂತಿರಲಿಲ್ಲ. 1984ರಲ್ಲಿ ವಗಾಲಾ ವಿಮಾನಪಟ್ಟಿಯಲ್ಲಿ ದೆಗೋಡಿಯಾ ಗಂಡಸರನ್ನು ಕೂಡಿಹಾಕಿ ಕೊಂದವರು ಭದ್ರತಾ ಪಡೆಯವರೇ.

1993ರಲ್ಲಿ ವಜೀರಿನವರೇ ಆದ ದೇಖಾ ಇಬ್ರಾಹಿಂ ಅಬ್ದಿ ಮತ್ತು ಜೊತೆಯ ಹೆಂಗಸರು ಮೊದಲು ಕೈಹಾಕಿದ್ದು ಮಾರುಕಟ್ಟೆಗೆ. ಒಂದು ಕುಲದವರ ಹತ್ತಿರ ಇನ್ನೊಂದು ಕುಲದವರು ವ್ಯಾಪಾರ ಮಾಡುವುದೇ ನಿಂತಿತ್ತು. ಯಾರು ಯಾರಿಗೆ ಬೇಕಾದರೂ ಮಾರಬಹುದು, ಕೊಳ್ಳಬಹುದು ಎಂದು ಗೊತ್ತುಮಾಡಿ, ಅದು ನಡೆಯುತ್ತಿದೆಯೇ ಎಂದು ನೋಡಲು ಹೆಂಗಸರದೇ ಸಮಿತಿ ಇಟ್ಟರು. ಯಾರನ್ನಾದರೂ ತಡೆದರೆ ದೂರು ನೇರ ಆ ಸಮಿತಿಗೆ. ನನ್ನ ಮಟ್ಟಿಗೆ ಇಡೀ ಕೆಲಸದ ಬುಡ ಇದೇ: ಹಿರಿಯರ ಒಪ್ಪಂದ ಮುರಿದದ್ದು ಹೆಣ ಬಿದ್ದ ಮೇಲೆ ತಿಳಿಯುತ್ತದೆ, ಮಾರುಕಟ್ಟೆಯಲ್ಲಿ ಅದು ಅವತ್ತೇ ಗೊತ್ತಾಗುತ್ತದೆ.

ಆಮೇಲೆ ಹಿರಿಯರ ಸರದಿ. ಇಲ್ಲಿ ಕರೆಯುವವರು ಯಾರು ಎಂಬುದೇ ದೊಡ್ಡ ಪ್ರಶ್ನೆ. ದೊಡ್ಡ ಕುಲದವರು ಕರೆದರೆ ಉಳಿದವರಿಗೆ ಅನುಮಾನ. ಹಾಗಾಗಿ ಜಗಳದಲ್ಲಿ ಪಾಲಿಲ್ಲದ ಚಿಕ್ಕ ಕುಲದ ಹಿರಿಯರು ಮುಂದೆ ನಿಂತರು. ಅದರಿಂದ ಕುಲಗಳು ಶಾಂತಿಗೆ ಮರಳುವ ಕಟ್ಟಳೆಗಳ ಅಲ್ ಫತಾ ಘೋಷಣೆ ಬಂತು.

ಕೊಲೆಗೆ ಪರಿಹಾರದ ಲೆಕ್ಕ, ಆ ಭಾಗದ ಕುಲಗಳ ನಡುವೆ 2001ರಲ್ಲಿ ಆದ ಮೊಡೊಗಾಶೆ ಒಪ್ಪಂದದಲ್ಲಿ ಬರಹಕ್ಕೆ ಇಳಿಯಿತು: ಗಂಡಸಿಗೆ 100 ಒಂಟೆ, ಹೆಂಗಸಿಗೆ 50. ಕೊಂದವನೊಬ್ಬನೇ ಅಲ್ಲ, ಅವನ ಇಡೀ ಕುಲ ತೆರಬೇಕು. ಆದ್ದರಿಂದ ಪುಂಡ ಹುಡುಗರನ್ನು ಹಿಡಿದು ನಿಲ್ಲಿಸುವ ಗರಜು ಸ್ವಂತ ದಾಯಾದಿಗಳಿಗೇ ಇರುತ್ತದೆ. ಕೆಡುವುದೂ ಇಲ್ಲೇ. ಕೊಡುವುದು ತಡವಾದರೆ ಸತ್ತವನ ಕಡೆಯವರು ಸೇಡಿಗೆ ಹೊರಡುತ್ತಾರೆ. ಕುಲ ತೆತ್ತಿತು ಎಂದು ಕೊಂದವನು ಕೋರ್ಟಿನ ಮುಖ ನೋಡದೆ ಉಳಿಯುವುದುಂಟು. ಹೆಂಗಸಿನ ಜೀವಕ್ಕೆ ಅರ್ಧ ಬೆಲೆ ಎಂಬುದನ್ನಂತೂ ಪದ್ಧತಿ ಎಂದು ಒಪ್ಪಲು ನನಗೆ ಮನಸ್ಸಿಲ್ಲ, ಅದೂ ಹೆಂಗಸರೇ ಶಾಂತಿಗೆ ಮೊದಲು ಮಾಡಿದ ನೆಲದಲ್ಲಿ.

ಸರ್ಕಾರವಿಲ್ಲದೆ ಶುರುಮಾಡಬಹುದು, ಬಹಳ ಕಾಲ ನಡೆಸಲಾಗದು. ವಜೀರಿನವರೂ 1995ರಲ್ಲಿ ಹಿರಿಯರು, ಹೆಂಗಸರು, ಯುವಕರು, ಧರ್ಮಗುರುಗಳು, ಅಧಿಕಾರಿಗಳು ಎಲ್ಲರನ್ನೂ ಸೇರಿಸಿ ವಜೀರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ ಕಟ್ಟಿ, ಅದನ್ನು ಜಿಲ್ಲಾಡಳಿತಕ್ಕೆ ಜೋಡಿಸಿದರು. ದನ ಕದ್ದ ಸುದ್ದಿ ಬಂದರೆ ಇವರದೇ ತಂಡ ಸ್ಥಳಕ್ಕೆ ಓಡುತ್ತಿತ್ತು, ಪ್ರತಿದಾಳಿಗೆ ಹುಡುಗರು ಗುಂಪುಗೂಡುವ ಮುಂಚೆ.