ಮೊದಲ ಬಸಿರಿಗೇ ಯಾಕೆ ಈ ಬಿಪಿ ಕಾಟ?

"ತಂಗಿಗೆ ಮೊದಲ ಬಸಿರು, ಮೂರು ತಿಂಗಳು. ಪ್ರೀಎಕ್ಲಾಂಪ್ಸಿಯಾ ಮೊದಲನೆಯದರಲ್ಲೇ ಜಾಸ್ತಿ ಅಂತಾರೆ, ಯಾಕೆ?" ಅಂತ ಕೇಳಿದ್ದೀರಿ. ನಾನು ಹೆರಿಗೆ ವಾರ್ಡಿನ ನರ್ಸ್, ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರೀಎಕ್ಲಾಂಪ್ಸಿಯಾ ಅಂದರೆ ಬಸಿರಿನಲ್ಲಿ ಬಿಪಿ ಏರಿ, ಕಿಡ್ನಿಯಂಥ ಅಂಗಗಳಿಗೂ ತೊಂದರೆ ಕೊಡುವ ಕಾಯಿಲೆ.

ಇದರ ಬೇರು ಇರುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಮಾಸು ಮಗುವಿನ ಕಡೆಯದು, ಅಂದರೆ ಅರ್ಧ ಅಪ್ಪನದು. ಅದರ ಜೀವಕೋಶಗಳು ಗರ್ಭಕೋಶದ ಸುರುಳಿ ರಕ್ತನಾಳಗಳಿಗೆ ನುಗ್ಗಿ, ಗೋಡೆ ಸಡಿಲಿಸಿ ಅಗಲ ಮಾಡಬೇಕು. ಗದ್ದೆಗೆ ನೀರು ಬರಲಿ ಅಂತ ಕಾಲುವೆ ಅಗಲಿಸಿದ ಹಾಗೆ. ಅದಕ್ಕೆ ತಾಯಿಯ ರೋಗನಿರೋಧಕ ಜೀವಕೋಶಗಳೂ ಕೈಜೋಡಿಸಬೇಕು. ಮೊದಲ ಸಲ ಅವಕ್ಕೆ ಈ ಹೊಸಬನ ಪರಿಚಯವೇ ಇಲ್ಲ! ಈಗ ಹೆಚ್ಚು ಜನ ಒಪ್ಪುವ ವಿವರಣೆ ಇದೇ. ಎರಡನೇ ಸಲಕ್ಕೆ ಪರಿಚಯ ಆಗಿರುತ್ತದೆ, ಕಾಲುವೆಯೂ ಒಮ್ಮೆ ತೋಡಿದ್ದು.

ನಾಳ ಅಗಲವಾಗದಿದ್ದರೆ ಮಾಸಿಗೆ ರಕ್ತ ಸಾಲದು. ಆಗ ಅದು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಅವು ಮೈಯೆಲ್ಲಾ ನಾಳಗಳ ಒಳಪದರ ಕೆಡಿಸುತ್ತವೆ. ಬಿಪಿ 140/90 ದಾಟುತ್ತದೆ, ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನು ಸೋರುತ್ತದೆ. ಹಿಂದೆ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ದೀಪಕ್ಕೆ ಹಿಡಿದು ಕಾಯಿಸುತ್ತಿದ್ದೆವು. ಮೊಟ್ಟೆಯ ಬಿಳಿ ಬೆಂದ ಹಾಗೆ ಮೇಲ್ಗಡೆ ಮೋಡ ಕಟ್ಟಿದರೆ ಎದೆ ಧಸಕ್ ಅನ್ನುತ್ತಿತ್ತು. ಈಗ ಕಡ್ಡಿ ಅದ್ದಿದರೆ ಹಳದಿ ಹಸಿರಾಗುತ್ತದೆ, ಅಷ್ಟೇ.

ಸ್ವೀಡನ್ನಿನಲ್ಲಿ 1987ರಿಂದ 2004ರವರೆಗಿನ ಹೆರಿಗೆಗಳ ಲೆಕ್ಕ ತೆಗೆದಿದ್ದರು. ಮೊದಲ ಬಸಿರಲ್ಲಿ ನೂರಕ್ಕೆ 4.1 ಮಂದಿಗೆ ಇದು ಬಂದಿತ್ತು, ಆಮೇಲಿನವುಗಳಲ್ಲಿ 1.7. ಆದರೆ ಮೊದಲ ಸಲ ಬಂದವರಿಗೆ ಎರಡನೇ ಸಲವೂ ಬಂದದ್ದು ನೂರಕ್ಕೆ 14.7 ಮಂದಿಗೆ. ಅಪ್ಪ ಬದಲಾದರೆ ಅಥವಾ ಹತ್ತು ವರ್ಷ ಅಂತರ ಬಿದ್ದರೆ ಅಪಾಯ ಮತ್ತೆ ಏರಬಹುದು. ಒಬ್ಬರು ಮೂರನೇ ಹೆರಿಗೆಗೆ ಬಂದಿದ್ದರು. "ಎರಡೂ ನಾರ್ಮಲ್, ಸಿಸ್ಟರ್" ಅಂತ ನಕ್ಕರು. ಬಿಪಿ ನೋಡಿದರೆ 160. ಕೊನೆಯ ಮಗುವಿಗೆ ಎಷ್ಟು ವಯಸ್ಸು ಅಂದೆ. ಹನ್ನೊಂದು!

ತಂಗಿಗೆ ಈಗಲೇ ಒಂದು ಕೆಲಸ ಇದೆ. ಇದರ ಅಪಾಯ ತಗ್ಗಿಸಲು ಕಡಿಮೆ ಡೋಸಿನ ಆಸ್ಪಿರಿನ್ ಬೇಕಾ ಅಂತ ಡಾಕ್ಟರನ್ನು ಕೇಳಲಿ. ಬೇಕಾದರೆ 16 ವಾರದೊಳಗೆ ಶುರು ಮಾಡಿದರೆ ಒಳ್ಳೆಯದು. ಮೊದಲ ಬಸಿರು ಅನ್ನುವುದೊಂದೇ ಕಾರಣಕ್ಕೆ ಎಲ್ಲರಿಗೂ ಕೊಡುವುದಿಲ್ಲ, ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಐದು ತಿಂಗಳಾದ ಮೇಲೆ ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಏಕಾಏಕಿ ಊದುವುದು, ಇದರಲ್ಲಿ ಯಾವುದಾದರೂ ಕಂಡರೆ ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ. ರಾತ್ರಿ ಹನ್ನೆರಡಾದರೂ ವಾರ್ಡಿನಲ್ಲಿ ಯಾರಾದರೂ ಎದ್ದೇ ಇರುತ್ತೇವೆ.